ಕ್ರಿಪ್ಟೋ ಫಾಸೆಟ್ ಸೈಟ್ ನಡೆಸಬೇಕಾ? ಯಾವ ನಾಣ್ಯ, ಯಾವ ದಾರಿ ಅಂತ ಆರಿಸುವ ಮೊದಲು ಇದನ್ನು ಓದಿ

ನಮ್ಮ ಕಲಬುರಗಿ ಕಡೆ ನಲ್ಲಿಗೆ ನಳ ಅಂತೀವಿ. ಇಂಗ್ಲಿಷಿನ ಫಾಸೆಟ್ ಅಂದರೂ ಅದೇ. ಹನಿ ಹನಿಯಾಗಿ ಕ್ರಿಪ್ಟೋ ನಾಣ್ಯ ಹಂಚುವ ವೆಬ್‌ಸೈಟಿಗೆ ಆ ಹೆಸರೇ ನಿಂತುಬಿಟ್ಟಿದೆ. ಜನ ಬರುತ್ತಾರೆ, ಕ್ಯಾಪ್ಚಾ (ಬಂದದ್ದು ಮನುಷ್ಯನೇ ಅಂತ ಖಾತ್ರಿ ಮಾಡುವ ಚಿಕ್ಕ ಪರೀಕ್ಷೆ) ಬಿಡಿಸುತ್ತಾರೆ, ಬಟನ್ ಒತ್ತುತ್ತಾರೆ, ನಾಲ್ಕಾರು ಪೈಸೆ ಬೆಲೆಯ ನಾಣ್ಯ ಸಿಗುತ್ತದೆ. ನಡೆಸುವವನಿಗೆ ಆ ಪುಟದ ಜಾಹೀರಾತಿನಿಂದ ದುಡ್ಡು ಬರುತ್ತದೆ. ಬಂದ ದುಡ್ಡು ಕೊಟ್ಟದ್ದಕ್ಕಿಂತ ಜಾಸ್ತಿ ಇದ್ದರೆ ಸೈಟು ನಡೆಯುತ್ತದೆ, ಇಲ್ಲದಿದ್ದರೆ ಮುಚ್ಚುತ್ತದೆ.

2010ರಲ್ಲಿ ಗೇವಿನ್ ಆಂಡ್ರೆಸೆನ್ ಅನ್ನುವ ಪ್ರೋಗ್ರಾಮರ್ ಮೊದಲ ಬಿಟ್‌ಕಾಯಿನ್ ಫಾಸೆಟ್ ಶುರು ಮಾಡಿದಾಗ ಬಂದವರಿಗೆ ತಲಾ 5 ಬಿಟ್‌ಕಾಯಿನ್ ಕೊಡುತ್ತಿದ್ದರು. ಜನ ಒಂದು ಸಲ ಮುಟ್ಟಿ ನೋಡಲಿ, ಕಳಿಸಿ ನೋಡಲಿ ಅಂತ ಕೊಟ್ಟಿದ್ದು. ಈಗ ಲೆಕ್ಕ ನಡೆಯುವುದು ಸತೋಶಿಯಲ್ಲಿ. ಒಂದು ಬಿಟ್‌ಕಾಯಿನ್ ಅಂದರೆ 10 ಕೋಟಿ ಸತೋಶಿ.

ನನ್ನ ಅಂಗಡಿ ಸೂಪರ್ ಮಾರ್ಕೆಟ್ ಹತ್ತಿರದ ಒಂದು ಗಲ್ಲಿಯಲ್ಲಿದೆ. ಕಂಪ್ಯೂಟರ್ ರಿಪೇರಿ, ಆನ್‌ಲೈನ್ ಅರ್ಜಿ, ಜೊತೆಗೆ ಚಿಕ್ಕಪುಟ್ಟ ವೆಬ್‌ಸೈಟ್ ಕೆಲಸ. ಇಲ್ಲಿಯವರೆಗೆ ಎರಡು ಫಾಸೆಟ್ ನಡೆಸಿದ್ದೇನೆ. ಮೊದಲನೆಯದು ಮುಚ್ಚಿದೆ, ಎರಡನೆಯದು ಇನ್ನೂ ಇದೆ. ಅಂಗಡಿಗೆ ಬರುವ ಕಾಲೇಜು ಹುಡುಗರು ಕೇಳುವ ಮೊದಲ ಮಾತು ಒಂದೇ, "ಅಣ್ಣಾ, ಯಾವ ಕಾಯಿನ್ ಇಡ್ಲಿ?" ಆ ಪ್ರಶ್ನೆ ಆಮೇಲೆ ಬರಬೇಕು. ಜನ ಗಳಿಸಿದ ನಾಣ್ಯ ಅವರ ಕೈಗೆ ಯಾವಾಗ, ಯಾವ ದಾರಿಯಲ್ಲಿ ಸೇರುತ್ತದೆ ಅನ್ನುವುದು ಮೊದಲು ತೀರ್ಮಾನ ಆಗಬೇಕು. ನಾಣ್ಯ, ಸರ್ವರ್, ಜಾಹೀರಾತು, ತೆರಿಗೆ ಎಲ್ಲವೂ ಅದರ ಹಿಂದೆಯೇ ಬರುತ್ತವೆ.

ನನ್ನ ಮೊದಲ ಸೈಟು ಡೋಜ್‌ಕಾಯಿನ್ ಕೊಡುತ್ತಿತ್ತು. ಕ್ಲೇಮ್ ಮಾಡಿದ್ದೆಲ್ಲ, ಅಂದರೆ ಜನ ಬಟನ್ ಒತ್ತಿ ಪಡೆದದ್ದೆಲ್ಲ, ಸೈಟಿನ ಖಾತೆಯಲ್ಲೇ ಜಮಾ ಆಗುತ್ತಿತ್ತು, 2 ಡೋಜ್ ಆದ ಮೇಲೆ ವಿತ್‌ಡ್ರಾ. ಜಾಹೀರಾತಿನ ಆದಾಯ ಕುಸಿದು ಸೈಟು ಮುಚ್ಚುವ ದಿನ ಬಂದಾಗ ಡೇಟಾಬೇಸ್ ತೆಗೆದು ನೋಡಿದೆ. 1,140 ಜನರ ಹೆಸರಿನಲ್ಲಿ ಬಾಕಿ ಇತ್ತು. ಒಬ್ಬೊಬ್ಬರದು ಚಿಲ್ಲರೆ, ಕೂಡಿಸಿದರೆ ನನ್ನ ವಾಲೆಟ್‌ನಲ್ಲಿ (ನಾಣ್ಯ ಇಡುವ ಡಿಜಿಟಲ್ ಪರ್ಸ್) ಇದ್ದುದಕ್ಕಿಂತ ಎಷ್ಟೋ ಜಾಸ್ತಿ. ಅದೇ ವಾರ ಜೇವರ್ಗಿಯ ಒಬ್ಬ ಹುಡುಗ ಅಂಗಡಿಗೆ ಬಂದ, ಫೋನ್ ತೆಗೆದು ತೋರಿಸಿದ. ಅವನ ಲೆಕ್ಕದಲ್ಲಿ 1.86 ಡೋಜ್ ಇತ್ತು. "ಅಣ್ಣಾ, ಇನ್ನ ಸ್ವಲ್ಪೇ ಬಾಕಿ ಇತ್ತಲ್ರಿ" ಅಂದ. ಮೂರು ವಾರದಿಂದ ದಿನಾ ರಾತ್ರಿ ಕೂತು ಕ್ಲಿಕ್ ಮಾಡಿದ್ದನಂತೆ. ಬಾಕಿ ಎಲ್ಲ ತೀರಿಸಲು ನನಗೆ ಆರು ವಾರ ಹಿಡಿಯಿತು, ಅಂಗಡಿಯ ದುಡ್ಡು ಹಾಕಿ ಡೋಜ್ ಕೊಂಡು ಕೊಟ್ಟೆ. ಆವತ್ತಿನಿಂದ ನನಗೆ ಈ ವಿಷಯದಲ್ಲಿ ಎರಡನೇ ಮಾತಿಲ್ಲ, ಜನರ ಬಾಕಿ ನಿಮ್ಮ ಹತ್ತಿರ ಇಟ್ಟುಕೊಳ್ಳುವ ದಾರಿ ಹಿಡಿಯಬೇಡಿ.

ಬೇಸಿಗೆಯಲ್ಲಿ ನಮ್ಮೂರಲ್ಲಿ ಅರವಟ್ಟಿಗೆ ಇಡುತ್ತಾರಲ್ವಾ, ಬಂದವನ ಬೊಗಸೆಗೆ ನೀರು ಹಾಕಿ ಕಳಿಸುತ್ತಾರೆ. ಅರ್ಧ ಲೋಟ ನಿನ್ನ ಹೆಸರಿನಲ್ಲಿ ಬರೆದಿಟ್ಟಿದ್ದೇನೆ, ತುಂಬಿದ ಮೇಲೆ ಬಾ ಅಂತ ಯಾರೂ ಹೇಳುವುದಿಲ್ಲ. ಫಾಸೆಟ್ ಕೂಡ ಹಾಗೇ ಇರಬೇಕು.

ಕೈಗೆ ಸೇರಿಸುವ ದಾರಿಗಳು

ಮೊದಲನೆಯದು ನಾನು ಮಾಡಿದ ತಪ್ಪು, ಸೈಟಿನಲ್ಲೇ ಬಾಕಿ ಬರೆದಿಡುವುದು. ಇದರಲ್ಲಿ ಲಾಭ ಇಲ್ಲ ಅಂತಲ್ಲ. ಜನ ದಿನಾ ತಿರುಗಿ ಬರುತ್ತಾರೆ, ಒಂದೇ ಸಲ ದೊಡ್ಡ ಮೊತ್ತ ಕಳಿಸುವುದರಿಂದ ನೆಟ್‌ವರ್ಕ್ ಶುಲ್ಕ ಉಳಿಯುತ್ತದೆ, ಮೋಸ ಮಾಡಿದವರನ್ನು ಹಿಡಿಯಲು ಸಮಯ ಸಿಗುತ್ತದೆ. ಆದರೆ ಬರೆದಿಟ್ಟದ್ದು ನಾಣ್ಯದಲ್ಲಿ, ನಿಮ್ಮ ಆದಾಯ ಬರುವುದು ರೂಪಾಯಿ ಅಥವಾ ಡಾಲರ್‌ನಲ್ಲಿ. 2021ರ ಜನವರಿ 1ರಂದು ಒಂದು ಸೆಂಟ್‌ಗೂ ಕಡಿಮೆ ಇದ್ದ ಡೋಜ್ ಅದೇ ವರ್ಷ ಮೇ ತಿಂಗಳಲ್ಲಿ 70 ಸೆಂಟ್ ದಾಟಿತ್ತು. ಆ ಜನವರಿಯಲ್ಲಿ 1,000 ಡೋಜ್ ಬಾಕಿ ಬರೆದಿಟ್ಟು ವಾಲೆಟ್‌ನಲ್ಲಿ 200 ಮಾತ್ರ ಇಟ್ಟುಕೊಂಡವನ ಸ್ಥಿತಿ ಮೇ ತಿಂಗಳಲ್ಲಿ ಏನಾಗಿರಬಹುದು ಅಂತ ಲೆಕ್ಕ ಹಾಕಿ. ಈ ದಾರಿಯೇ ಬೇಕು ಅಂದರೆ ಒಂದು ಷರತ್ತು, ಬರೆದ ಪ್ರತಿ ಬಾಕಿಯಷ್ಟೂ ನಾಣ್ಯ ಅವತ್ತೇ ಕೊಂಡು ಪಕ್ಕಕ್ಕೆ ಇಡಿ. ಕನಿಷ್ಠ ವಿತ್‌ಡ್ರಾ ಮಿತಿ ಎರಡು ಮೂರು ದಿನದಲ್ಲಿ ಮುಟ್ಟುವಷ್ಟು ಕಡಿಮೆ ಇರಲಿ.

ಎರಡನೆಯದು ಮೈಕ್ರೋವಾಲೆಟ್. ನೀವು ಒಂದಿಷ್ಟು ನಾಣ್ಯ ಮೈಕ್ರೋವಾಲೆಟ್ ಸೇವೆಯಲ್ಲಿ ಇಡುತ್ತೀರಿ, ನಿಮ್ಮ ಸೈಟಿನಲ್ಲಿ ಯಾರಾದರೂ ಕ್ಲೇಮ್ ಮಾಡಿದ ತಕ್ಷಣ ಎಪಿಐ (ಎರಡು ಸಾಫ್ಟ್‌ವೇರ್ ಮಾತಾಡುವ ಕೊಂಡಿ) ಮೂಲಕ ಅವರ ಖಾತೆಗೆ ಆ ಹನಿ ಹೋಗುತ್ತದೆ. ಇದು ಚೈನ್ ಮೇಲೆ, ಅಂದರೆ ನಾಣ್ಯದ ಎಲ್ಲ ವ್ಯವಹಾರ ಬರೆದಿಡುವ ಸಾರ್ವಜನಿಕ ಲೆಕ್ಕಪುಸ್ತಕದ ಮೇಲೆ, ಹೋಗುವುದಿಲ್ಲ, ಸೇವೆಯ ಒಳಗಿನ ಲೆಕ್ಕ, ಆದ್ದರಿಂದ 1 ಸತೋಶಿಯೂ ಕಳಿಸಬಹುದು. ಹತ್ತಾರು ಫಾಸೆಟ್‌ಗಳಿಂದ ಬಂದದ್ದು ಒಂದೇ ಕಡೆ ಕೂಡುವುದರಿಂದ ಜನರಿಗೂ ಬೇಗ ವಿತ್‌ಡ್ರಾ ಮಿತಿ ಸಿಗುತ್ತದೆ. ಈಗ ಹೆಚ್ಚು ಜನ ಬಳಸುವುದು ಫಾಸೆಟ್‌ಪೇ. ಅದರಲ್ಲೇ ಫಾಸೆಟ್‌ಗಳ ಪಟ್ಟಿ ಇದೆ, ಅಲ್ಲಿ ಹೆಸರು ಬಂದರೆ ಜನ ತಾನಾಗಿ ಬರುತ್ತಾರೆ. ಹೊಸದಾಗಿ ಶುರು ಮಾಡುವವರಿಗೆ ಇದು ದೊಡ್ಡ ಅನುಕೂಲ.

ಇದರ ಅಪಾಯ ಏನು ಅಂದರೆ, ನಿಮ್ಮ ನಾಣ್ಯವೂ ಜನರ ನಾಣ್ಯವೂ ಮೂರನೆಯವರ ಕೈಯಲ್ಲಿ ಇರುತ್ತದೆ. ಹಿಂದೆ ಫಾಸೆಟ್‌ಬಾಕ್ಸ್ ಇತ್ತು, ಮುಚ್ಚಿತು. ಫಾಸೆಟ್‌ಹಬ್ ಬಂತು, 2019ರ ಕೊನೆಗೆ ಅದೂ ಮುಚ್ಚಿತು. ಕಾಯಿನ್‌ಪಾಟ್ 2021ರಲ್ಲಿ ಹೋಯಿತು. ಪ್ರತಿ ಸಲವೂ ಅದನ್ನೇ ನಂಬಿದ್ದ ನೂರಾರು ಚಿಕ್ಕ ಸೈಟುಗಳು ಕೋಡ್ ಬದಲಿಸಬೇಕಾಯಿತು, ಇಲ್ಲವೇ ಅದರ ಜೊತೆಗೇ ಮುಳುಗಿದವು. ಆದ್ದರಿಂದ ಒಂದು ವಾರಕ್ಕೆ ಬೇಕಾದಷ್ಟು ಮಾತ್ರ ಅಲ್ಲಿ ಇಡಿ. ನಾನು ಪ್ರತಿ ಸೋಮವಾರ ಬೆಳಿಗ್ಗೆ ಅಂಗಡಿ ತೆಗೆದ ಮೇಲೆ ತುಂಬುತ್ತೇನೆ.

ಮೂರನೆಯದು ನೇರವಾಗಿ ಚೈನ್ ಮೇಲೆ ಕಳಿಸುವುದು. ಬಿಟ್‌ಕಾಯಿನ್‌ನಲ್ಲಿ ಇದು ಪೈಸೆ ಲೆಕ್ಕದ ಫಾಸೆಟ್‌ಗೆ ಆಗುವ ಕೆಲಸ ಅಲ್ಲ. ಹಳೇ ಮಾದರಿಯ ವಿಳಾಸಕ್ಕೆ 546 ಸತೋಶಿಗಿಂತ ಕಡಿಮೆ, ಸೆಗ್‌ವಿಟ್ ಅನ್ನುವ ಹೊಸ ಮಾದರಿಯ ವಿಳಾಸಕ್ಕೆ 294ಕ್ಕಿಂತ ಕಡಿಮೆ ಕಳಿಸಿದರೆ ನೆಟ್‌ವರ್ಕಿನ ನೋಡ್‌ಗಳು (ಅದನ್ನು ನಡೆಸುವ ಕಂಪ್ಯೂಟರ್‌ಗಳು) ಅದನ್ನು ಧೂಳು ಅಂತ ಲೆಕ್ಕ ಹಿಡಿದು ಮುಂದೆ ದಾಟಿಸುವುದೇ ಇಲ್ಲ. ಅದರ ಮೇಲೆ ಶುಲ್ಕ. ಸಾಮಾನ್ಯ ಸೆಗ್‌ವಿಟ್ ವ್ಯವಹಾರ ಒಂದಕ್ಕೆ ಸುಮಾರು 141 ವರ್ಚುವಲ್ ಬೈಟ್ (ಶುಲ್ಕ ಲೆಕ್ಕ ಹಾಕುವ ಅಳತೆ) ಹಿಡಿಯುತ್ತದೆ, ಬೈಟಿಗೆ 10 ಸತೋಶಿ ದರ ಇದ್ದ ದಿನ 1,410 ಸತೋಶಿ ಶುಲ್ಕಕ್ಕೇ ಹೋಗುತ್ತದೆ. 300 ಸತೋಶಿ ಕೊಡಲು 1,410 ಖರ್ಚು ಮಾಡಿದ ಹಾಗೆ. 2024ರ ಏಪ್ರಿಲ್ 20ರಂದು, ಹಾವಿಂಗ್ (ಹೊಸ ಬಿಟ್‌ಕಾಯಿನ್ ಹುಟ್ಟುವ ಪ್ರಮಾಣ ಅರ್ಧವಾಗುವುದು) ಆದ ದಿನ, ಬಿಟ್‌ಕಾಯಿನ್ ಮೇಲೆ ಹೊಸ ಟೋಕನ್ ಹುಟ್ಟಿಸುವ ರೂನ್ಸ್ ಗದ್ದಲದಲ್ಲಿ ಶುಲ್ಕ ಆಕಾಶ ಮುಟ್ಟಿತ್ತು, ಅಂಥ ದಿನ ಚಿಕ್ಕ ಫಾಸೆಟ್ ಬಾಗಿಲು ಹಾಕಿ ಕೂರಬೇಕು.

ಒಂದು ಉಪಾಯ ಇದೆ, ಎಲ್ಲರಿಗೂ ಬೇರೆ ಬೇರೆ ಕಳಿಸುವ ಬದಲು ಒಂದೇ ವ್ಯವಹಾರದಲ್ಲಿ ಒಟ್ಟಿಗೆ ಕಳಿಸುವುದು. ಬಿಟ್‌ಕಾಯಿನ್ ಕೋರ್ ಅನ್ನುವ ಸಾಫ್ಟ್‌ವೇರಿನಲ್ಲಿ ಇದಕ್ಕೆ ಸೆಂಡ್‌ಮೆನಿ ಅನ್ನುವ ಕಮಾಂಡ್ ಇದೆ. 50 ಜನರಿಗೆ ಬಿಡಿಬಿಡಿಯಾಗಿ ಕಳಿಸಿದರೆ ಸುಮಾರು 7,050 ಬೈಟ್ ಆಗುತ್ತದೆ, ಒಟ್ಟಿಗೆ ಕಳಿಸಿದರೆ ಹೆಚ್ಚೂಕಡಿಮೆ 1,660. ಕಾಲು ಭಾಗಕ್ಕೂ ಕಡಿಮೆ. ಆದರೆ ಒಟ್ಟಿಗೆ ಕಳಿಸಬೇಕು ಅಂದರೆ 50 ಜನ ಸೇರುವ ತನಕ ಕಾಯಬೇಕು, ಕಾಯುವಷ್ಟು ಹೊತ್ತೂ ಅದು ಬಾಕಿಯೇ ಅಲ್ವಾ. ದಿನಕ್ಕೊಮ್ಮೆ ರಾತ್ರಿ ಕಳಿಸಿ ಮುಗಿಸುವುದಾದರೆ ನಾನು ಒಪ್ಪುತ್ತೇನೆ, ಅದಕ್ಕಿಂತ ಉದ್ದ ಬೇಡ.

ನಾಲ್ಕನೆಯದು ನ್ಯಾನೋ ಅನ್ನುವ ನಾಣ್ಯ ಮತ್ತು ಬಿಟ್‌ಕಾಯಿನ್ ಮೇಲೆ ಕಟ್ಟಿದ ಲೈಟ್ನಿಂಗ್ ಅನ್ನುವ ವೇಗದ ಪಾವತಿ ಜಾಲ. ಎರಡೂ ಬೇರೆ ಬೇರೆ, ಆದರೆ ಫಾಸೆಟ್ ನಡೆಸುವವನ ಕಣ್ಣಿನಲ್ಲಿ ಒಂದೇ ಜಾತಿ, ಹನಿಯನ್ನು ಹನಿಯಾಗಿಯೇ ತಕ್ಷಣ ಕಳಿಸಬಹುದು. ನ್ಯಾನೋದಲ್ಲಿ ಕಳಿಸಲು ಶುಲ್ಕವೇ ಇಲ್ಲ, ಕೆಲವು ಸೆಕೆಂಡಿನಲ್ಲಿ ಸೇರುತ್ತದೆ. ಆ ನಾಣ್ಯ ಮೊದಲು ಜನರಿಗೆ ಹಂಚಿಕೆ ಆಗಿದ್ದೇ ಫಾಸೆಟ್ ಮೂಲಕ. ರೈಬ್ಲಾಕ್ಸ್ ಅನ್ನುವ ಹೆಸರಿದ್ದಾಗ ಕಾಲಿನ್ ಲೆಮಾಹ್ಯೂ ಅದನ್ನು ಕ್ಯಾಪ್ಚಾ ಬಿಡಿಸಿದವರಿಗೆ ಹಂಚಿದರು, 2017ರ ಅಕ್ಟೋಬರ್‌ನಲ್ಲಿ ಆ ಹಂಚಿಕೆ ಮುಗಿಯಿತು. ಪ್ರತಿ ಸಲ ಕಳಿಸುವಾಗ ಸರ್ವರ್ ಒಂದು ಸಣ್ಣ ಲೆಕ್ಕ ಬಿಡಿಸಬೇಕಾಗುತ್ತದೆ, ಅಗ್ಗದ ಹೋಸ್ಟಿಂಗ್‌ನಲ್ಲಿ ಅದು ನಿಧಾನ. ಇನ್ನೊಂದು ತೊಂದರೆ, ನಮ್ಮ ಕಡೆಯ ಜನ ನ್ಯಾನೋ ಹೆಸರು ಕೇಳಿಲ್ಲ. ವಾಲೆಟ್ ಹಾಕಿಕೊಳ್ಳುವುದನ್ನು ನೀವೇ ಕಲಿಸಬೇಕು.

ಲೈಟ್ನಿಂಗ್‌ನಲ್ಲಿ ಕೊಡುವುದು ಬಿಟ್‌ಕಾಯಿನ್‌ನ ಸತೋಶಿಯೇ. ಕ್ಯೂಆರ್ ತೋರಿಸಿದರೆ ಸಾಕು, ಜನ ತಮ್ಮ ಲೈಟ್ನಿಂಗ್ ವಾಲೆಟ್‌ನಲ್ಲಿ ಸ್ಕ್ಯಾನ್ ಮಾಡಿ ಎಳೆದುಕೊಳ್ಳುತ್ತಾರೆ. ಮೊದಲು ನೀವು ಚಾನೆಲ್ (ಇನ್ನೊಂದು ನೋಡ್ ಜೊತೆಗಿನ ಪಾವತಿ ದಾರಿ) ತೆರೆಯಬೇಕು, ತೆರೆಯುವಾಗ ಒಂದು ಸಲ ಚೈನ್ ಶುಲ್ಕ ಕೊಡಬೇಕು, ಕೊಡಲು ಬೇಕಾದ ಸತೋಶಿ ನಿಮ್ಮ ಕಡೆ ಇರುವಂತೆ ನೋಡಿಕೊಳ್ಳಬೇಕು, ನೋಡ್ ಸದಾ ಎದ್ದಿರಬೇಕು. ಮನೆಯಲ್ಲಿ ಹಳೇ ಲ್ಯಾಪ್‌ಟಾಪಿನ ಮೇಲೆ ನೋಡ್ ಇಡುತ್ತೇನೆ ಅನ್ನುವವರಿಗೆ ನಾನು ಹೇಳುವುದು ಇಷ್ಟೇ, ಮೇ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ಕರೆಂಟ್ ಹೋದರೆ ನಿಮ್ಮ ಇನ್ವರ್ಟರ್ ಮನೆಯವರ ಫ್ಯಾನ್ ನಡೆಸಬೇಕಾ, ನೋಡ್ ನಡೆಸಬೇಕಾ ಅಂತ ಮೊದಲೇ ಯೋಚಿಸಿ.

ಐದನೆಯದನ್ನು ಯಾರೂ ಕೇಳುವುದಿಲ್ಲ, ನನಗೆ ಮಾತ್ರ ತುಂಬಾ ಇಷ್ಟ. ಬೆಲೆಯೇ ಇಲ್ಲದ ಟೆಸ್ಟ್ ನಾಣ್ಯ ಹಂಚುವ ಫಾಸೆಟ್. ಈಥೀರಿಯಂಗೆ ಸೆಪೋಲಿಯಾ, ಬಿಟ್‌ಕಾಯಿನ್‌ಗೆ ಸಿಗ್ನೆಟ್ ಅಂತ ಪರೀಕ್ಷೆಯ ನೆಟ್‌ವರ್ಕ್‌ಗಳಿವೆ. ಸ್ಮಾರ್ಟ್ ಕಾಂಟ್ರಾಕ್ಟ್ (ಚೈನ್ ಮೇಲೆ ಓಡುವ ಪ್ರೋಗ್ರಾಮ್) ಬರೆಯುವ ವಿದ್ಯಾರ್ಥಿ ಮೊದಲು ಅಲ್ಲಿ ಓಡಿಸಿ ನೋಡುತ್ತಾನೆ, ಅದಕ್ಕೂ ಗ್ಯಾಸ್, ಅಂದರೆ ಓಡಿಸುವ ಶುಲ್ಕ, ಬೇಕು, ಆ ಗ್ಯಾಸ್‌ಗೆ ಟೆಸ್ಟ್ ಈಥರ್ (ಈಥರ್ ಅಂದರೆ ಈಥೀರಿಯಂನ ನಾಣ್ಯ) ಬೇಕು. ಕೆಲವು ಸಾರ್ವಜನಿಕ ಫಾಸೆಟ್‌ಗಳು ಮುಖ್ಯ ನೆಟ್‌ವರ್ಕಿನಲ್ಲಿ ನಿಜವಾದ ಈಥರ್ ಇದ್ದವರಿಗೆ ಮಾತ್ರ ಕೊಡುತ್ತವೆ. ಕಲಬುರಗಿಯ ಪಿಡಿಎ ಕಾಲೇಜಿನಲ್ಲೋ ಬೀದರಿನ ಗುರುನಾನಕ್ ದೇವ್ ಎಂಜಿನಿಯರಿಂಗ್ ಕಾಲೇಜಿನಲ್ಲೋ ಕೊನೇ ವರ್ಷದ ಪ್ರಾಜೆಕ್ಟ್ ಮಾಡುವ ಹುಡುಗಿ ಅದಕ್ಕಾಗಿ ಎಲ್ಲಿಂದ ಈಥರ್ ಕೊಳ್ಳಬೇಕು? ಕಾಲೇಜು ಇಮೇಲ್ ಇದ್ದವರಿಗೆ ದಿನಕ್ಕೆ ಒಂದು ಸಲ ಕೊಡುವ ಪುಟ್ಟ ಫಾಸೆಟ್ ಇದ್ದರೆ ಸಾಕು. ನಾಣ್ಯಕ್ಕೆ ಬೆಲೆ ಇಲ್ಲ, ಆದ್ದರಿಂದ ಕಳ್ಳರ ಕಾಟ ಕಡಿಮೆ. ಪೂರ್ತಿ ಇಲ್ಲ ಅಂತಲ್ಲ, ಹಿಂದಿನ ಗೋರ್ಲಿ ನೆಟ್‌ವರ್ಕಿನ ಟೆಸ್ಟ್ ಈಥರ್ ಸಿಗುವುದೇ ಕಷ್ಟವಾಗಿ ಜನ ಅದನ್ನೂ ದುಡ್ಡಿಗೆ ಮಾರತೊಡಗಿದ್ದರು. ಆದಾಯ ಸೊನ್ನೆ, ಖರ್ಚು ಡೊಮೇನ್ ಮತ್ತು ಹೋಸ್ಟಿಂಗ್ ಅಷ್ಟೇ. ಕೆಲಸ ಕಲಿಯಬೇಕು ಅನ್ನುವವರು ಇಲ್ಲಿಂದಲೇ ಶುರು ಮಾಡಿ.

ಈಗ ನಾಣ್ಯದ ಮಾತು

ದಾರಿ ತೀರ್ಮಾನ ಆದರೆ ನಾಣ್ಯ ಸುಲಭ. ಮೈಕ್ರೋವಾಲೆಟ್ ದಾರಿ ಹಿಡಿದರೆ ಡೋಜ್ ಅಥವಾ ಲೈಟ್‌ಕಾಯಿನ್ ಇಡಿ. ಜನರಿಗೆ ಗೊತ್ತಿರುವ ಹೆಸರು, ಅವರು ಅಲ್ಲಿಂದ ಹೊರಗೆ ತೆಗೆಯುವಾಗಲೂ ಶುಲ್ಕ ಕಡಿಮೆ. ಲೈಟ್‌ಕಾಯಿನ್ 2011ರಿಂದ ಇದೆ, ಎರಡೂವರೆ ನಿಮಿಷಕ್ಕೆ ಒಂದು ಬ್ಲಾಕ್ (ವ್ಯವಹಾರಗಳ ಒಂದು ಕಂತೆ) ಚೈನಿಗೆ ಸೇರುತ್ತದೆ. ಡೋಜ್ 2013ರದು, ನಿಮಿಷಕ್ಕೊಂದು ಬ್ಲಾಕ್. ಡೋಜ್‌ಗೆ ಇನ್ನೊಂದು ಗುಣ ಇದೆ, ಸಂಖ್ಯೆ ದೊಡ್ಡದಾಗಿ ಕಾಣುತ್ತದೆ. 0.00000040 ಬಿಟ್‌ಕಾಯಿನ್ ಅಂದರೆ ಜನ ಸೊನ್ನೆ ಎಣಿಸಿ ಸುಸ್ತಾಗುತ್ತಾರೆ.

ಕೆಲವು ನಾಣ್ಯಗಳನ್ನು ನೇರ ಕಳಿಸುವ ಫಾಸೆಟ್‌ಗೆ ಮುಟ್ಟಲೇಬೇಡಿ. ಎಕ್ಸ್‌ಆರ್‌ಪಿಯಲ್ಲಿ ಹೊಸ ಖಾತೆ ತೆರೆಯಲು ಕನಿಷ್ಠ 1 ಎಕ್ಸ್‌ಆರ್‌ಪಿ ಮೀಸಲು ಇರಬೇಕು. ಸೊಲಾನಾದಲ್ಲಿ ಹೊಸ ಖಾತೆ ಉಳಿಯಲು ಸುಮಾರು 0.00089 ಸೋಲ್ ಬೇಕು. ಖಾಲಿ ವಾಲೆಟ್ ಇಟ್ಟುಕೊಂಡು ಬಂದ ಹೊಸಬನಿಗೆ ನೀವು ಕಳಿಸುವ ಹನಿ ಸೇರುವುದೇ ಇಲ್ಲ. ಈಥೀರಿಯಂ ಮುಖ್ಯ ನೆಟ್‌ವರ್ಕಿನಲ್ಲಿ ಒಂದು ಸಲ ಕಳಿಸಲು 21,000 ಗ್ಯಾಸ್, ಅದೂ ಬೇಡ.

ಎಷ್ಟು ಕೊಡಬೇಕು

ಒಂದು ಕ್ಲೇಮ್‌ಗೆ 5 ಪೈಸೆ, ಒಬ್ಬರು ದಿನಕ್ಕೆ 10 ಸಲ, 300 ಜನ ಅಂತ ಹಿಡಿಯಿರಿ. ದಿನಕ್ಕೆ 150 ರೂಪಾಯಿ, ತಿಂಗಳಿಗೆ 4,500. ಒಟ್ಟು 3,000 ಕ್ಲೇಮ್, ಕ್ಲೇಮ್‌ಗೆ ಒಂದು ಪುಟ ಅಂದರೆ ಸಾವಿರ ಪುಟಕ್ಕೆ 50 ರೂಪಾಯಿ ಜಾಹೀರಾತಿನಿಂದ ಬಂದರೆ ಮಾತ್ರ ಸಮ ಆಗುತ್ತದೆ. ಶುರುವಿನಲ್ಲಿ ನನಗೆ ಅದರ ಅರ್ಧವೂ ಬರಲಿಲ್ಲ. ಈಗ ನಾನು ನಡೆಸುವ ಲೆಕ್ಕ ಹೀಗಿದೆ, ನಿನ್ನೆ ಬಂದ ಜಾಹೀರಾತಿನ ದುಡ್ಡಿನಲ್ಲಿ ಶೇಕಡಾ 60 ಇವತ್ತಿನ ನಳಕ್ಕೆ. ಅದು ಮುಗಿದರೆ ಇವತ್ತಿನ ಮಟ್ಟಿಗೆ ಮುಗಿಯಿತು. ರೂಪಾಯಿಯಲ್ಲಿ ಮೊತ್ತ ನಿಗದಿ ಮಾಡಿ, ನಾಣ್ಯದ ಬೆಲೆ ಏರಿದಂತೆ ಹನಿಯ ಅಳತೆ ತಾನೇ ಇಳಿಯುವಂತೆ ಕೋಡ್ ಬರೆಯಿರಿ.

ಜಾಹೀರಾತಿಗೆ ಗೂಗಲ್‌ನ ಆಡ್‌ಸೆನ್ಸ್ ಹಾಕಬೇಡಿ. ಜಾಹೀರಾತು ನೋಡಲು ಅಥವಾ ಒತ್ತಲು ಜನರಿಗೆ ಪ್ರತಿಫಲ ಕೊಡಬಾರದು ಅಂತ ಅದರ ನಿಯಮದಲ್ಲೇ ಇದೆ. ಖಾತೆ ಬಂದ್ ಆದರೆ ನಿಮ್ಮ ಬೇರೆ ಸೈಟುಗಳ ಆದಾಯವೂ ಹೋಗುತ್ತದೆ. ಕ್ರಿಪ್ಟೋ ಸೈಟುಗಳಿಗೆಂದೇ ಎ-ಆಡ್ಸ್, ಬಿಟ್‌ಮೀಡಿಯಾ, ಕಾಯಿನ್‌ಜಿಲ್ಲಾ ಇಂಥ ಜಾಲಗಳಿವೆ. ಚಿಕ್ಕ ಸೈಟಿಗೆ ಎ-ಆಡ್ಸ್ ಸುಲಭ, ದುಡ್ಡು ಕ್ರಿಪ್ಟೋದಲ್ಲೇ ಬರುವುದರಿಂದ ಮತ್ತೆ ಕೊಳ್ಳುವ ತಲೆನೋವಿಲ್ಲ. ಶಾರ್ಟ್‌ಲಿಂಕ್‌ಗಳು, ಅಂದರೆ ನಾಲ್ಕು ಪುಟ ದಾಟಿಸಿ ಕೊನೆಗೆ ಕ್ಲೇಮ್ ಕೊಡುವವು, ಜಾಸ್ತಿ ದುಡ್ಡು ಕೊಡುತ್ತವೆ. ನಾನು ಒಂದು ತಿಂಗಳು ಹಾಕಿ ತೆಗೆದೆ. ನಕಲಿ ಡೌನ್‌ಲೋಡ್ ಬಟನ್, "ನಿಮ್ಮ ಫೋನಿಗೆ ವೈರಸ್ ಬಂದಿದೆ" ಅನ್ನುವ ಪುಟ, ಅದನ್ನು ನಂಬಿ ಒಬ್ಬರು ಏನೋ ಇನ್‌ಸ್ಟಾಲ್ ಮಾಡಿಕೊಂಡು ನನ್ನ ಅಂಗಡಿಗೇ ರಿಪೇರಿಗೆ ತಂದರು. ನನ್ನ ಸೈಟಿನಿಂದ ಹೋದ ಲಿಂಕ್ ಅದು. ಅವರ ಫೋನ್ ಸರಿ ಮಾಡಿಕೊಟ್ಟು ಅದೇ ಸಂಜೆ ಎಲ್ಲ ಶಾರ್ಟ್‌ಲಿಂಕ್ ಅಳಿಸಿದೆ.

ಜೂಜಿನ ಜಾಹೀರಾತುಗಳನ್ನೂ ಆಫ್ ಮಾಡಿ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳ ಮೇಲೆ 2025ರಲ್ಲಿ ಸಂಸತ್ತು ಕಾನೂನು ಮಾಡಿದೆ, ಅದರಲ್ಲಿ ಅವುಗಳ ಜಾಹೀರಾತಿಗೂ ನಿಷೇಧ ಇದೆ. ಕ್ರಿಪ್ಟೋ ಜಾಹೀರಾತು ಜಾಲಗಳಲ್ಲಿ ಕ್ಯಾಸಿನೋ ತುಂಬಿರುತ್ತದೆ, ಸೆಟ್ಟಿಂಗ್‌ನಲ್ಲಿ ವರ್ಗ ನೋಡಿ ತೆಗೆಯಿರಿ.

ಕಳ್ಳರನ್ನು ತಡೆಯುವುದು

ಇಲ್ಲಿ ಸ್ವಲ್ಪ ನಿಧಾನ ಓದಿ, ಫಾಸೆಟ್ ಸಾಯುವುದು ಹೆಚ್ಚಾಗಿ ಇಲ್ಲೇ.

ಒಂದು ಬೆಳಿಗ್ಗೆ ಎದ್ದು ನೋಡಿದರೆ ನನ್ನ ಪಾವತಿ ವಾಲೆಟ್ ಖಾಲಿ. ಲಾಗ್ ತೆಗೆದೆ. ರಾತ್ರಿ 2 ಗಂಟೆ 17 ನಿಮಿಷಕ್ಕೆ ಒಂದೇ ವಾಲೆಟ್ ವಿಳಾಸದಿಂದ, ಒಂದೇ ಸೆಕೆಂಡಿನ ಒಳಗೆ 40 ಕ್ಲೇಮ್. ನಡುವೆ ಒಂದು ಗಂಟೆ ಅಂತರ ಇರಬೇಕು ಅಂತ ನಾನು ಕೋಡ್ ಬರೆದಿದ್ದೆ, ಆದರೂ ನಲವತ್ತಕ್ಕೂ ದುಡ್ಡು ಹೋಗಿತ್ತು. ಕಾರಣ ಹೀಗಿದೆ. ನನ್ನ ಕೋಡ್ ಮೊದಲು "ಹಿಂದಿನ ಕ್ಲೇಮ್ ಯಾವಾಗ" ಅಂತ ಓದುತ್ತಿತ್ತು, ಆಮೇಲೆ ನಾಣ್ಯ ಕಳಿಸುತ್ತಿತ್ತು, ಕೊನೆಗೆ ಹೊಸ ಸಮಯ ಬರೆಯುತ್ತಿತ್ತು. ನಲವತ್ತು ವಿನಂತಿ ಒಟ್ಟಿಗೆ ಬಂದಾಗ ಎಲ್ಲವೂ ಹಳೇ ಸಮಯವನ್ನೇ ಓದಿದವು, ಎಲ್ಲಕ್ಕೂ ಸರಿ ಅನ್ನಿಸಿತು, ಎಲ್ಲಕ್ಕೂ ಹೋಯಿತು. ಸರಿ ಮಾಡುವುದು ಕಷ್ಟ ಅಲ್ಲ. ಮೊದಲು ಬರೆಯಿರಿ, ಆಮೇಲೆ ಕಳಿಸಿ. ಡೇಟಾಬೇಸ್‌ಗೆ ಒಂದೇ ಅಪ್‌ಡೇಟ್ ಆಜ್ಞೆಯಲ್ಲಿ "ಹಿಂದಿನ ಸಮಯ ಒಂದು ಗಂಟೆಗಿಂತ ಹಳೆಯದಾದರೆ ಮಾತ್ರ ಈಗಿನ ಸಮಯ ಬರೆ" ಅಂತ ಹೇಳಿ, ಒಂದು ಸಾಲು ಬದಲಾಯಿತು ಅಂತ ಉತ್ತರ ಬಂದರೆ ಮಾತ್ರ ನಾಣ್ಯ ಕಳಿಸಿ. ಆ ನಲವತ್ತರಲ್ಲಿ ಒಂದಕ್ಕೆ ಮಾತ್ರ ಆ ಉತ್ತರ ಸಿಗುತ್ತದೆ.

ಕ್ಯಾಪ್ಚಾದಲ್ಲಿ ರೀಕ್ಯಾಪ್ಚಾ, ಎಚ್‌ಕ್ಯಾಪ್ಚಾ, ಕ್ಲೌಡ್‌ಫ್ಲೇರ್‌ನ ಟರ್ನ್‌ಸ್ಟೈಲ್ ಮೂರೂ ಬಳಸಿದ್ದೇನೆ. ಟರ್ನ್‌ಸ್ಟೈಲ್‌ನಲ್ಲಿ ಚಿತ್ರ ಆರಿಸುವ ಕಷ್ಟ ಇಲ್ಲ, ಚಿಕ್ಕ ಫೋನ್, ನಿಧಾನ ನೆಟ್ ಇರುವ ಹಳ್ಳಿಯವರಿಗೆ ಅದೇ ಹಿತ. ಆದರೆ ಯಾವುದನ್ನೂ ಪೂರ್ತಿ ನಂಬಬೇಡಿ. ದುಡ್ಡು ಕೊಟ್ಟರೆ ಕ್ಯಾಪ್ಚಾ ಬಿಡಿಸಿಕೊಡುವ ಸೇವೆಗಳಿವೆ, ಒಂದು ಕ್ಯಾಪ್ಚಾಗೆ ಪೈಸೆಗಳಲ್ಲಿ ಖರ್ಚು. ನಿಮ್ಮ ಒಂದು ಹನಿಯ ಬೆಲೆ ಆ ಖರ್ಚಿಗಿಂತ ಜಾಸ್ತಿ ಇದ್ದರೆ ಬಾಟ್ (ತಾನಾಗಿ ಕ್ಲೇಮ್ ಮಾಡುವ ಪ್ರೋಗ್ರಾಮ್) ಓಡಿಸುವವನಿಗೆ ಲಾಭ, ಕಡಿಮೆ ಇದ್ದರೆ ಅವನು ತಾನೇ ಬಿಟ್ಟು ಹೋಗುತ್ತಾನೆ. ದೊಡ್ಡ ಹನಿ ಕೊಡುವ ಹೊಸ ಫಾಸೆಟ್‌ಗಳು ವಾರದಲ್ಲಿ ಒಣಗುವುದು ಇದಕ್ಕೇ.

ಒಂದು ಐಪಿ ವಿಳಾಸಕ್ಕೆ (ಇಂಟರ್ನೆಟ್ ಸಂಪರ್ಕದ ಗುರುತಿನ ಸಂಖ್ಯೆ) ಒಂದೇ ಕ್ಲೇಮ್ ಅನ್ನುವ ನಿಯಮ ನಮ್ಮ ಕಡೆ ನಡೆಯುವುದಿಲ್ಲ. ಮೊಬೈಲ್ ನೆಟ್‌ವರ್ಕಿನಲ್ಲಿ ಒಂದೇ ಐಪಿ ಹಿಂದೆ ಎಷ್ಟೋ ಜನ ಇರುತ್ತಾರೆ. ಸೇಡಂ ರಸ್ತೆಯ ಒಂದು ಪಿಜಿಯಲ್ಲಿ ಹನ್ನೆರಡು ಹುಡುಗರು ಒಂದೇ ವೈಫೈ ಹಂಚಿಕೊಂಡಿದ್ದರು, ಮೊದಲು ಎದ್ದವನಿಗೆ ಮಾತ್ರ ಸಿಗುತ್ತಿತ್ತು, ಉಳಿದವರಿಗೆಲ್ಲ "ನೀವು ಈಗಾಗಲೇ ಪಡೆದಿದ್ದೀರಿ" ಅಂತ ಬರುತ್ತಿತ್ತು. ಈಗ ನಾನು ಒಂದು ಐಪಿಗೆ ಐದು ತನಕ ಬಿಡುತ್ತೇನೆ, ವಾಲೆಟ್‌ಗೆ ಒಂದೇ. ಡೇಟಾ ಸೆಂಟರ್ ಮತ್ತು ವಿಪಿಎನ್ ಐಪಿಗಳನ್ನು ಮಾತ್ರ ಪೂರ್ತಿ ತಡೆಯುತ್ತೇನೆ, ಅದನ್ನು ಗುರುತಿಸಿ ಹೇಳುವ ಐಪಿಹಬ್, ಪ್ರಾಕ್ಸಿಚೆಕ್ ತರಹದ ಸೇವೆಗಳಿವೆ.

ಸ್ಕ್ರಿಪ್ಟ್ ವಿಷಯ ಚಿಕ್ಕದು. ಕೋಡ್ ಬರುತ್ತಿದ್ದರೆ ನೀವೇ ಬರೆಯಿರಿ, ನಾಲ್ಕೈದು ಪುಟದ ಪಿಎಚ್‌ಪಿ ಸಾಕು. ಬರದಿದ್ದರೆ ದುಡ್ಡು ಕೊಟ್ಟು ಕೊಳ್ಳಿ. ಬಿಟ್ಟಿ ಸಿಗುವ ಕದ್ದ ಸ್ಕ್ರಿಪ್ಟ್ ಮಾತ್ರ ಬೇಡ, ಅದರೊಳಗೆ ನಿಮ್ಮ ಎಪಿಐ ಕೀ (ಮೈಕ್ರೋವಾಲೆಟ್ ಖಾತೆಯಿಂದ ಕಳಿಸಲು ಬೇಕಾದ ಗುಪ್ತ ಸಂಕೇತ) ಇನ್ನೊಬ್ಬರಿಗೆ ಕಳಿಸುವ ಸಾಲು ಅಡಗಿರಬಹುದು. ಕೀಯನ್ನು ವೆಬ್ ಫೋಲ್ಡರಿನ ಹೊರಗೆ ಇಡಿ. ಜನರ ಹತ್ತಿರ ವಾಲೆಟ್ ತೆರೆಯುವ 12 ಪದಗಳ ಗುಪ್ತ ವಾಕ್ಯವನ್ನು ಯಾವ ಕಾರಣಕ್ಕೂ ಕೇಳಬೇಡಿ, ನಿಮ್ಮ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಬರೆಯಿರಿ, ಯಾರು ಕೇಳಿದರೂ ಕೊಡಬೇಡಿ, ಮೋಸ ಹೋದರೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ಅಂತ.

ಹೋಸ್ಟಿಂಗ್ ಆರಿಸುವುದು ಇನ್ನೂ ಸುಲಭ. ಮೈಕ್ರೋವಾಲೆಟ್ ಆದರೆ ಸಾಮಾನ್ಯ ಶೇರ್ಡ್ ಹೋಸ್ಟಿಂಗ್ ಸಾಕು. ಸ್ವಂತ ನೋಡ್ ಬೇಕಾದರೆ ವಿಪಿಎಸ್, ಅಂದರೆ ಬಾಡಿಗೆಗೆ ಸಿಗುವ ವರ್ಚುವಲ್ ಸರ್ವರ್. ಬಿಟ್‌ಕಾಯಿನ್‌ನ ಪೂರ್ತಿ ಚೈನ್ 500 ಜಿಬಿ ದಾಟಿದೆ, ಆದರೆ ಹಳೇ ಬ್ಲಾಕ್ ಕತ್ತರಿಸುವ ಪ್ರೂನ್ ಆಯ್ಕೆ ಹಾಕಿದರೆ ಚಿಕ್ಕ ಡಿಸ್ಕ್‌ನಲ್ಲೂ ನಡೆಯುತ್ತದೆ.

ತೆರಿಗೆ

2022ರ ಏಪ್ರಿಲ್ 1ರಿಂದ ಕ್ರಿಪ್ಟೋ ವರ್ಗಾವಣೆಯ ಲಾಭದ ಮೇಲೆ ಶೇಕಡಾ 30 ತೆರಿಗೆ, ಮೇಲೆ ಸೆಸ್. ಕೊಂಡ ಬೆಲೆ ಬಿಟ್ಟು ಬೇರೆ ಖರ್ಚು ಕಳೆಯಲು ಬರುವುದಿಲ್ಲ, ಒಂದರ ನಷ್ಟವನ್ನು ಇನ್ನೊಂದರ ಲಾಭಕ್ಕೆ ಹೊಂದಿಸಲೂ ಬರುವುದಿಲ್ಲ. ಅದೇ ವರ್ಷ ಜುಲೈ 1ರಿಂದ ಶೇಕಡಾ 1 ಟಿಡಿಎಸ್. 2023ರ ಮಾರ್ಚ್‌ನಿಂದ ಬೇರೆಯವರ ಪರವಾಗಿ ಕ್ರಿಪ್ಟೋ ಇಟ್ಟುಕೊಳ್ಳುವ, ವರ್ಗಾಯಿಸುವ ವ್ಯವಹಾರಗಳು ಅಕ್ರಮ ಹಣ ವರ್ಗಾವಣೆ ತಡೆ ಕಾನೂನಿನ ಅಡಿಗೆ ಬಂದಿವೆ. ಜನರ ಬಾಕಿ ಇಟ್ಟುಕೊಳ್ಳಬೇಡಿ ಅನ್ನಲು ಇದೂ ಒಂದು ಕಾರಣ. ನಾಣ್ಯ ಕೊಂಡ ದಿನ, ಅವತ್ತಿನ ರೂಪಾಯಿ ಬೆಲೆ, ಹಂಚಿದ ಮೊತ್ತ, ಜಾಹೀರಾತಿನಿಂದ ಬಂದದ್ದು, ಇದೆಲ್ಲ ದಿನಾ ಒಂದು ಶೀಟಿನಲ್ಲಿ ಬರೆಯಿರಿ. ಶುರು ಮಾಡುವ ಮೊದಲೇ ಒಬ್ಬ ಸಿಎ ಹತ್ತಿರ ಕೂತು ಮಾತಾಡಿ, ಮಾರ್ಚ್ ತಿಂಗಳಲ್ಲಿ ಅಲ್ಲ.

ಹಾಗಾದರೆ ಯಾರಿಗೆ ಯಾವುದು

ನೀವು ವಿದ್ಯಾರ್ಥಿ, ಕೈಯಲ್ಲಿ ದುಡ್ಡಿಲ್ಲ, ಕೆಲಸ ಕಲಿಯಬೇಕು ಅಂದರೆ ಟೆಸ್ಟ್ ನಾಣ್ಯದ ಫಾಸೆಟ್. ರೆಸ್ಯೂಮೆಯಲ್ಲೂ ಹಾಕಬಹುದು. ತಿಂಗಳಿಗೆ ಒಂದೆರಡು ಸಾವಿರ ಹೋದರೂ ಪರವಾಗಿಲ್ಲ, ಜಾಹೀರಾತಿನಿಂದ ಮೆಲ್ಲಗೆ ಗಳಿಸಿ ನೋಡುತ್ತೇನೆ ಅನ್ನುವವರು ಮೈಕ್ರೋವಾಲೆಟ್ ಜೊತೆ ಡೋಜ್ ಅಥವಾ ಲೈಟ್‌ಕಾಯಿನ್, ಕ್ಲೇಮ್ ಆದ ತಕ್ಷಣ ಪಾವತಿ. ಜನರಿಗೆ ಕ್ರಿಪ್ಟೋ ಅಂದರೇನು ಅಂತ ಕೈಯಲ್ಲಿಟ್ಟು ತೋರಿಸುವುದೇ ಗುರಿಯಾದರೆ ನ್ಯಾನೋ. ಯಾದಗಿರಿಯ ನನ್ನ ಗೆಳೆಯ ಒಬ್ಬ ತನ್ನ ಟ್ಯೂಷನ್ ಮಕ್ಕಳಿಗೆ ಹಾಗೇ ತೋರಿಸುತ್ತಾನೆ, ಒಂದು ಫೋನಿನಿಂದ ಕಳಿಸಿ ಪಕ್ಕದ ಫೋನಿನಲ್ಲಿ ಟಣ್ ಅಂದಾಗ ಮಕ್ಕಳ ಮುಖ ನೋಡಬೇಕು. ಸರ್ವರ್ ಕೆಲಸ ಚೆನ್ನಾಗಿ ಬಲ್ಲವರಿಗೆ ಲೈಟ್ನಿಂಗ್. ಬಿಟ್‌ಕಾಯಿನ್ ನೇರ ಚೈನ್ ಯಾರಿಗೂ ಬೇಡ.

ನನ್ನ ಈಗಿನ ಸೈಟು ಎರಡು ನಳ ಇಟ್ಟಿದೆ, ಮೈಕ್ರೋವಾಲೆಟ್‌ಗೆ ಡೋಜ್, ನೇರವಾಗಿ ನ್ಯಾನೋ. ಬಾಕಿ ಅನ್ನುವ ಕಾಲಮ್ಮೇ ಡೇಟಾಬೇಸ್‌ನಲ್ಲಿ ಇಲ್ಲ. ಪುಟದ ಮೇಲ್ಭಾಗದಲ್ಲಿ ಎರಡೇ ಸಾಲು ಕಾಣುತ್ತವೆ, ಇವತ್ತು ಇನ್ನೂ ಎಷ್ಟು ಉಳಿದಿದೆ, ಮುಗಿದಿದ್ದರೆ ಮುಂದಿನ ಸಲ ಎಷ್ಟು ಗಂಟೆಗೆ ತುಂಬುತ್ತೇನೆ. ನಳಕ್ಕೆ ನೀರು ಯಾವ ಹೊತ್ತಿಗೆ ಬರುತ್ತದೆ ಅಂತ ಗೊತ್ತಿದ್ದರೆ ನಮ್ಮೂರಿನವರು ಕೊಡ ಇಟ್ಟು ಆ ಹೊತ್ತಿಗೇ ಬರುತ್ತಾರೆ. ಆ ಎರಡನೇ ಸಾಲು ಹಾಕಿದ ಮೇಲೆ "ರೊಕ್ಕ ಬಂದಿಲ್ರಿ" ಅನ್ನುವ ಮೆಸೇಜು ನನಗೆ ಬಂದಿಲ್ಲ.